ಭಾಷಾವಿಜ್ಞಾನದ ಪಠ್ಯಪುಸ್ತಕ: ಏನು ಉಳಿಸಬೇಕು, ಏನು ಕಿತ್ತು ಹಾಕಬೇಕು?

ಚಾಕ್‌ಪೀಸ್:
ನಮಸ್ಕಾರ. ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಐಚ್ಛಿಕ ಕನ್ನಡದ ಮಕ್ಕಳಿಗೆ ಭಾಷಾವಿಜ್ಞಾನದ ಹೊಸ ಪಠ್ಯ ಬರೆಯುವ ಸಮಿತಿಗೆ ನನ್ನನ್ನೂ ಸೇರಿಸಿದ್ದಾರೆ. ಇನ್ನೂರು ಪುಟ ಮೀರಬಾರದು. ಈಗಿರುವ ಪುಸ್ತಕದ ಅಧ್ಯಾಯಗಳನ್ನೇ ಅಲ್ಲಲ್ಲಿ ತಿದ್ದಿ ಮುಗಿಸೋಣ ಎನ್ನುವುದು ಸಮಿತಿಯ ಹಿರಿಯರ ಮಾತು. ಆ ಅಧ್ಯಾಯಗಳು ನಿಮಗೆ ಗೊತ್ತೇ ಇರುತ್ತವೆ. ಭಾಷೆ ಎಂದರೇನು, ಭಾಷೆಯ ಹುಟ್ಟು, ಧ್ವನ್ಯಂಗಗಳು, ಧ್ವನಿಮಾ (ಪದದ ಅರ್ಥ ಬೇರೆ ಮಾಡುವ ಧ್ವನಿ), ಆಕೃತಿಮಾ (ಅರ್ಥ ಇರುವ ಅತಿ ಚಿಕ್ಕ ತುಣುಕು), ವಾಕ್ಯ, ದ್ರಾವಿಡ ಭಾಷೆಗಳು, ಉಪಭಾಷೆ. ತರಗತಿಯಲ್ಲಿ ಎರಡನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅರ್ಧ ಜನ ತೂಕಡಿಸುತ್ತಿರುತ್ತಾರೆ. ಅದೇ ಮಕ್ಕಳು ಕ್ಯಾಂಟೀನಿನಲ್ಲಿ 'ನಿಮ್ಮೂರ ಕಡೆ ಇದಕ್ಕೆ ಏನಂತಾರೆ' ಅಂತ ಗಂಟೆಗಟ್ಟಲೆ ಜಗಳ ಆಡುತ್ತಾರೆ.

ಓದಿದವರು, ಓದುತ್ತಿರುವವರು, ಪಾಠ ಮಾಡಿದವರು ಹೇಳಿ. ಯಾವ ಭಾಗ ನಿಜಕ್ಕೂ ಉಪಯೋಗಕ್ಕೆ ಬಂತು? ಯಾವುದನ್ನು ಉರು ಹೊಡೆದು ಮರೆತಿರಿ? ಸಮಿತಿಯಲ್ಲಿ ವಾದ ಮಾಡಲು ನನಗೆ ಸರಕು ಬೇಕು.

ಮೂರನೇ ಬೆಂಚು:
ಮೊದಲು 'ಭಾಷೆಯ ಹುಟ್ಟು' ಕಿತ್ತು ಹಾಕಿ ಸಾರ್. ಬೌವೌ ವಾದ, ಡಿಂಗ್‌ಡಾಂಗ್ ವಾದ, ಪೂಪೂ ವಾದ. ನಾಯಿ ಬೊಗಳುವುದನ್ನು ಅನುಕರಿಸಿ ಮನುಷ್ಯ ಮಾತು ಕಲಿತ ಅಂತ ಬರೆದು ಐದಕ್ಕೆ ನಾಲ್ಕು ಅಂಕ ತೆಗೆದುಕೊಂಡವನು ನಾನು. ಇದನ್ನು ಈಗ ಯಾರಾದರೂ ನಂಬುತ್ತಾರಾ ಅನ್ನುವ ಒಂದು ಸಾಲು ಆ ಪುಸ್ತಕದಲ್ಲಿ ಇರಲಿಲ್ಲ.

ಕೋಡುಬಳೆ:
ಯಾರೂ ನಂಬುವುದಿಲ್ಲ. ಆಗಲೂ ಎಲ್ಲರೂ ನಂಬಿರಲಿಲ್ಲ. ಬೌವೌ, ಪೂಪೂ ಅನ್ನುವ ಹೆಸರುಗಳನ್ನು ಭಾಷಾವಿದ್ವಾಂಸ ಮ್ಯಾಕ್ಸ್ ಮುಲ್ಲರ್ 1861ರ ಉಪನ್ಯಾಸಗಳಲ್ಲಿ ಬಳಸಿದ್ದೇ ಆ ವಾದಗಳನ್ನು ಗೇಲಿ ಮಾಡಲು. 1866ರಲ್ಲಿ ಪ್ಯಾರಿಸ್‌ನ ಭಾಷಾವಿಜ್ಞಾನ ಸಂಘ, ಭಾಷೆಯ ಹುಟ್ಟಿನ ಬಗ್ಗೆ ಪ್ರಬಂಧಗಳನ್ನೇ ತೆಗೆದುಕೊಳ್ಳುವುದಿಲ್ಲ ಅಂತ ನಿಯಮ ಮಾಡಿಕೊಂಡಿತು. ಅವರು ಬಾಗಿಲು ಹಾಕಿ ನೂರೈವತ್ತು ವರ್ಷ ದಾಟಿತು. ನಮ್ಮ ಪಠ್ಯಗಳು ಇನ್ನೂ ಅದೇ ಬಾಗಿಲಿನಿಂದ ಒಳಗೆ ಹೋಗುತ್ತಿವೆ.

ಮಳೆಬಿಲ್ಲು:
ಒಂದು ಮಾತು ಹೇಳ್ತೀನಿ, ಬೈಬೇಡಿ. ಇಡೀ ಪುಸ್ತಕದಲ್ಲಿ ನನಗೆ ಇವತ್ತಿಗೂ ನೆನಪಿರುವುದು ಬೌವೌ ಒಂದೇ.

ಮೂರನೇ ಬೆಂಚು:
@ಮಳೆಬಿಲ್ಲು ಜೇನುಹುಳದ ಕುಣಿತ ಮರೆತುಬಿಟ್ರಾ? 😄 ಆ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್‌ಗೆ ನೊಬೆಲ್ ಬಂದದ್ದು 1973. ಅದನ್ನೂ ಬರೆಸಿದ್ದರು. ಕನ್ನಡದ ಒಂದು ವಾಕ್ಯವನ್ನು ಬಿಡಿಸಿ ನೋಡಲು ಕಲಿಸದೆ ಹುಳ ಎಷ್ಟು ಸುತ್ತು ಕುಣಿಯುತ್ತದೆ ಅಂತ ಕಲಿಸಿದರು.

ಸೂತ್ರಧಾರ:
ನಾನು ನಿವೃತ್ತ ಅಧ್ಯಾಪಕ. ಎಲ್ಲರೂ ಸೇರಿ ಪುಸ್ತಕಕ್ಕೆ ಬೈಯುವುದು ಸುಲಭ. ಆ ಮೊದಲ ತಲೆಮಾರಿನವರು ಬರೆಯಲು ಕುಳಿತಾಗ ಕನ್ನಡದಲ್ಲಿ ಈ ಶಾಸ್ತ್ರಕ್ಕೆ ಪದಗಳೇ ಇರಲಿಲ್ಲ. ಒಂದೊಂದು ಪದವನ್ನೂ ಕಟ್ಟಿಕೊಂಡು ಬರೆದರು. ಅವರು ಹಾಕಿದ ದಾರಿಯಲ್ಲೇ ನೀವು ನಡೆಯುತ್ತಿರುವುದು. ಮಕ್ಕಳು ಓದುವುದಿಲ್ಲ ಅಂದರೆ ತಪ್ಪು ಯಾವಾಗಲೂ ಪುಸ್ತಕದ್ದೇನಾ?

ಶಿವಮೊಗ್ಗ ಎಕ್ಸ್‌ಪ್ರೆಸ್:
@ಸೂತ್ರಧಾರ ಮೊದಲ ತಲೆಮಾರಿನವರ ಮೇಲೆ ಯಾರಿಗೂ ಸಿಟ್ಟಿಲ್ಲ ಸಾರ್. ಆಮೇಲೆ ಬಂದವರು ಅದನ್ನೇ ನಕಲು ಮಾಡಿದ್ದಕ್ಕೆ ಸಿಟ್ಟು. ಉದಾಹರಣೆಗಳನ್ನೂ ಬದಲಾಯಿಸಲಿಲ್ಲ. ನಮ್ಮ ತರಗತಿಯಲ್ಲಿ ನಡೆದದ್ದು ಕೇಳಿ.

ಉಪಧ್ವನಿ ಅಂದರೇನು ಅಂತ ಪಾಠ, ಅಂದರೆ ಒಂದೇ ಧ್ವನಿಮಾ ಬೇರೆ ಬೇರೆ ಜಾಗದಲ್ಲಿ ತಾಳುವ ರೂಪಗಳು. ಪುಸ್ತಕದಲ್ಲಿದ್ದ ಉದಾಹರಣೆ ಇಂಗ್ಲಿಷಿನ 'ಪಿನ್' ಮತ್ತು 'ಸ್ಪಿನ್'. ಮೊದಲನೆಯದರಲ್ಲಿ ಪಕಾರದ ಜೊತೆ ಉಸಿರು ಬರುತ್ತದೆ, ಎರಡನೆಯದರಲ್ಲಿ ಇಲ್ಲ. ಬಾಯಿಯ ಮುಂದೆ ಕಾಗದ ಹಿಡಿದು ಹೇಳಿ, ಪಿನ್ ಅಂದಾಗ ಕಾಗದ ಹಾರುತ್ತದೆ ಅಂತ ಬರೆದಿತ್ತು. ನಮ್ಮ ಮೇಡಂ ಪಾಪ ಹಾಜರಿ ಪುಸ್ತಕದಿಂದ ಒಂದು ಹಾಳೆ ಹರಿದು ಹಿಡಿದರು. ಪಿನ್ ಅಂದರು. ಹಾಳೆ ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಪಿನ್ ಅಂದರು. ಎಂಜಲು ಸಿಡಿಯಿತು, ಹಾಳೆ ಹಾಗೇ ಇತ್ತು. ಮುಂದಿನ ಬೆಂಚಿನವರನ್ನೆಲ್ಲ ಎಬ್ಬಿಸಿ ಹೇಳಿಸಿದರು. ಯಾರದ್ದೂ ಹಾರಲಿಲ್ಲ. ಕೊನೆಗೆ 'ಫ್ಯಾನ್ ಆಫ್ ಮಾಡಿ' ಅಂದರು.

ಕೋಡುಬಳೆ:
ಹಾರುವುದೇ ಇಲ್ಲ! ನಾವು ಇಂಗ್ಲಿಷ್ ಮಾತಾಡುವಾಗಲೂ ಪಕಾರವನ್ನು ಕನ್ನಡದ ಪಕಾರದ ಹಾಗೇ ಉಚ್ಚರಿಸುತ್ತೇವೆ. ಉಸಿರು ಸೇರಿಸುವುದು ಇಂಗ್ಲೆಂಡ್, ಅಮೆರಿಕದವರು. ಅಂದರೆ ಆ ಪ್ರಯೋಗ ನಮ್ಮ ತರಗತಿಯಲ್ಲಿ ಸೋಲಲೇಬೇಕು. ಲೇಖಕರು ಒಂದು ಸಲ ತಮ್ಮ ಬಾಯಿಯ ಮುಂದೆ ಕಾಗದ ಹಿಡಿದಿದ್ದರೆ ಗೊತ್ತಾಗುತ್ತಿತ್ತು.

ಅದಕ್ಕೆ ಕನ್ನಡದ ಉದಾಹರಣೆ ಕಾಲಬುಡದಲ್ಲೇ ಬಿದ್ದಿದೆ. ಅನುಸ್ವಾರ. ಅಂಕ, ಅಂಚು, ಅಂಟು, ಅಂದ, ಅಂಬು. ನಿಧಾನವಾಗಿ ಹೇಳಿ, ನಾಲಿಗೆ ಎಲ್ಲಿ ಹೋಗುತ್ತದೆ ನೋಡಿ. ಅಂಕದಲ್ಲಿ ಹಿಂದೆ, ಅಂಟುವಿನಲ್ಲಿ ಮಡಚಿ ಮೇಲೆ, ಅಂದದಲ್ಲಿ ಹಲ್ಲಿಗೆ, ಅಂಬುವಿನಲ್ಲಿ ತುಟಿಗಳೇ ಮುಚ್ಚುತ್ತವೆ. ಬರೆಯುವುದು ಒಂದೇ ಸೊನ್ನೆ, ಬಾಯಲ್ಲಿ ಐದು ಧ್ವನಿ. ಯಾವುದು ಬರಬೇಕು ಅನ್ನುವುದನ್ನು ಮುಂದಿನ ವ್ಯಂಜನ ತೀರ್ಮಾನಿಸುತ್ತದೆ. ಫ್ಯಾನ್ ಓಡುತ್ತಿದ್ದರೂ ಪರವಾಗಿಲ್ಲ.

ಮೂರನೇ ಬೆಂಚು:
ಈಗ ಒಬ್ಬನೇ ಕೂತು ಅಂಕ ಅಂಚು ಅಂಟು ಅಂತ ಹೇಳಿ ನೋಡಿದೆ. ಅಮ್ಮ ಅಡುಗೆಮನೆಯಿಂದ ಇಣುಕಿ ನೋಡಿದರು.

ಸೂತ್ರಧಾರ:
@ಕೋಡುಬಳೆ ಇದು ಹೊಸದೇನಲ್ಲ. ವರ್ಗದ ಐದನೇ ಅಕ್ಷರ ಅಂತ ಪ್ರಾಥಮಿಕ ಶಾಲೆಯಲ್ಲೇ ಕಲಿಸುತ್ತಾರೆ.

ಕೋಡುಬಳೆ:
ಅದೇ ನನ್ನ ದೂರು ಸಾರ್. ಮಕ್ಕಳಿಗೆ ಆಗಲೇ ಗೊತ್ತಿರುವುದರಿಂದ ಶುರು ಮಾಡಬಹುದಿತ್ತು. ಅದನ್ನು ಬಿಟ್ಟು ಲಂಡನ್ನಿಗೆ ಹೋದರು.

ಜೋಳದ ರೊಟ್ಟಿ:
ಪುಸ್ತಕದ ಜೀವ ಇರುವುದು ಅಭ್ಯಾಸದಲ್ಲಿ. ನಮ್ಮ ಪುಸ್ತಕದ ಅಧ್ಯಾಯದ ಕೊನೆಯಲ್ಲಿ ಏನಿತ್ತು? 'ಆಕೃತಿಮಾ ಎಂದರೇನು? ವಿವರಿಸಿ.' ಇದು ಅಭ್ಯಾಸವಾ? ಹಿಂದಿನ ನಾಲ್ಕು ಪುಟ ಮತ್ತೆ ಬರಿ ಅನ್ನುವುದಷ್ಟೇ.

ನಮಗೆ ಒಬ್ಬ ಅತಿಥಿ ಉಪನ್ಯಾಸಕರು ಬಂದಿದ್ದರು. ಪುಸ್ತಕ ಮುಟ್ಟಲೇ ಇಲ್ಲ. ಬೋರ್ಡಿನ ಮೇಲೆ ಇಷ್ಟು ಬರೆದರು:

ಕೊಡು – ಕೊಟ್ಟ
ಬಿಡು – ಬಿಟ್ಟ
ಸುಡು – ಸುಟ್ಟ
ಕೆಡು – ಕೆಟ್ಟ
ಮಾಡು – ಮಾಡಿದ
ನೋಡು – ನೋಡಿದ
ಓಡು – ಓಡಿದ
ಬೇಡು – ಬೇಡಿದ

'ಎಲ್ಲಾ ಡು. ಕೆಲವು ಟ್ಟ ಆಗುತ್ತವೆ, ಕೆಲವು ಡಿದ ಆಗುತ್ತವೆ. ಯಾಕೆ?' ಅಂತ ಕೇಳಿ ಕುರ್ಚಿಯ ಮೇಲೆ ಕೂತುಬಿಟ್ಟರು. ಹತ್ತು ನಿಮಿಷ ಗದ್ದಲ. ಒಬ್ಬ ಅರ್ಥ ಅಂದ. ಒಬ್ಬಳು ಹಳೆಯ ಪದ ಹೊಸ ಪದ ಅಂದಳು. ಕೊನೆಗೆ ಹಿಂದಿನ ಬೆಂಚಿನ ಹುಡುಗ, ವರ್ಷವಿಡೀ ಬಾಯಿ ಬಿಡದವನು, 'ಮೊದಲನೇ ಅಕ್ಷರ ಹ್ರಸ್ವ ಇದ್ದರೆ ಟ್ಟ, ದೀರ್ಘ ಇದ್ದರೆ ಡಿದ' ಅಂದ. ಮೇಷ್ಟ್ರು ಎದ್ದು ಬಂದು ಅವನ ಕೈಗೆ ಚಾಕ್‌ಪೀಸ್ ಕೊಟ್ಟರು. ಆಮೇಲೆ ನಾವೇ ಹುಡುಕಿದೆವು. ಪಡು ಪಟ್ಟ, ತೊಡು ತೊಟ್ಟ, ನೆಡು ನೆಟ್ಟ. ಹಾಡು ಹಾಡಿದ, ನೀಡು ನೀಡಿದ. ಎಲ್ಲಾ ಕೂಡಿ ಬಂತು. ಹುಟ್ಟಿದಾಗಿನಿಂದ ತಪ್ಪದೆ ಪಾಲಿಸುತ್ತಿದ್ದ ನಿಯಮ, ಒಬ್ಬರಿಗೂ ಗೊತ್ತಿರಲಿಲ್ಲ.

ಮಳೆಬಿಲ್ಲು:
ಅಯ್ಯೋ ಇದು ಚೆನ್ನಾಗಿದೆ. ನಗು ನಕ್ಕ, ಸಿಗು ಸಿಕ್ಕ, ಹೊಗು ಹೊಕ್ಕ. ಕೂಗು ಕೂಗಿದ, ಬಾಗು ಬಾಗಿದ, ಸಾಗು ಸಾಗಿದ. ಗು ಬಂದರೂ ಅದೇ ಲೆಕ್ಕ!

ಶಿವಮೊಗ್ಗ ಎಕ್ಸ್‌ಪ್ರೆಸ್:
ಹೋಗು ಹೋದ, ಆಗು ಆದ. ಮುರಿಯಿತು.

ಮಳೆಬಿಲ್ಲು:
ಅವೆರಡು ಯಾವ ಭಾಷೆಯಲ್ಲಿ ತಾನೇ ಹೇಳಿದ ಮಾತು ಕೇಳುತ್ತವೆ. ದಿನಾ ಬಳಸುವವು.

ನೆಟ್ ಪರೀಕ್ಷಾರ್ಥಿ:
ಡು ನಿಯಮಕ್ಕೂ ಒಂದು ಇದೆ. ಹೊರಡು – ಹೊರಟ. ಒಂದೇ ಟ. ಹೊರಟ್ಟ ಅಲ್ಲ. ಆದರೆ ಹರಡು – ಹರಡಿದ. ಈಗ ಹೇಳಿ.

ಜೋಳದ ರೊಟ್ಟಿ:
ನಮ್ಮ ತರಗತಿಯಲ್ಲೂ ಇದು ಬಂತು. ಮೂರು ಅಕ್ಷರದ ಪದ, ಬೇರೆ ಲೆಕ್ಕ ಅಂತ ಬಿಟ್ಟೆವು.

ಸೂತ್ರಧಾರ:
ಬಿಡಬೇಕಿರಲಿಲ್ಲ. ಹಳಗನ್ನಡ ಓದಿದವರಿಗೆ ಇದು ಗೊತ್ತು. ಅಲ್ಲಿ ಪದ 'ಪೊಱಮಡು', ಭೂತಕಾಲದಲ್ಲಿ 'ಪೊಱಮಟ್ಟಂ'. ಒಳಗಿರುವುದು ಮಡು, ಹ್ರಸ್ವ. ನಿಮ್ಮ ನಿಯಮದಂತೆ ಮಟ್ಟ ಆಗಲೇಬೇಕು, ಆಗಿದೆ. ಬಳಸಿ ಬಳಸಿ ನಡುವಿನದು ಸವೆದು ಹೊರಟ ಉಳಿಯಿತು. ಹರಡುವಿಗೆ ಆ ಚರಿತ್ರೆ ಇಲ್ಲ.

ಹಾಗೇ ಇನ್ನೊಂದು ಕೊಡುತ್ತೇನೆ, ನಿಮ್ಮ ಬೋರ್ಡಿನ ಮೇಲೆ ಬರೆದುಕೊಳ್ಳಿ. ಬರು – ಬಂದ, ತರು – ತಂದ. ಆದರೆ ಹೊರು – ಹೊತ್ತ, ಹೆರು – ಹೆತ್ತ. ನಾಲ್ಕೂ ಹ್ರಸ್ವ, ನಾಲ್ಕೂ ರು. ಯಾಕೆ ಎರಡು ದಾರಿ?

ಕೋಡುಬಳೆ:
ಶಕಟರೇಫ! ಹಳಗನ್ನಡದ ಱ!

ಸೂತ್ರಧಾರ:
ಶಹಬ್ಬಾಸ್. ಹೊರು, ಹೆರು ಹಿಂದೆ ಪೊಱು, ಪೆಱು. ಆ ಱ ಬೇರೆ ಧ್ವನಿ. ಬರು, ತರುಗಳ ರ ಬೇರೆ. ಕನ್ನಡದಲ್ಲಿ ಎರಡೂ ಕೂಡಿಹೋಗಿ ಒಂದೇ ಅಕ್ಷರ ಉಳಿಯಿತು. ತಮಿಳಿನಲ್ಲಿ ಇವತ್ತಿಗೂ ಬೇರೆ ಬೇರೆ ಬರೆಯುತ್ತಾರೆ. ಅಕ್ಷರ ಹೋದರೂ ಕ್ರಿಯಾಪದ ಮರೆತಿಲ್ಲ. ಅಳು – ಅತ್ತ, ಕೊಳ್ಳು – ಕೊಂಡ, ಇವೂ ಇದೇ ಜಾತಿ. ಅಳುವಿನದು ಹಿಂದಿನ ೞ, ಕೊಳ್ಳುವಿನದು ಸಾಮಾನ್ಯ ಳ. ಅದಕ್ಕೇ ಹೇಳುವುದು, ಹಳಗನ್ನಡ ಬಿಟ್ಟು ಭಾಷಾವಿಜ್ಞಾನ ಮಾಡಲು ಹೋಗಬೇಡಿ ಅಂತ.

ಮೂರನೇ ಬೆಂಚು:
ಸಾರ್, ಇದನ್ನು ಹೀಗೆ ಪುಸ್ತಕದಲ್ಲಿ ಬರೆದಿದ್ದರೆ ನಾನು ಶಬ್ದಮಣಿದರ್ಪಣದ ತರಗತಿಗೂ ಬರುತ್ತಿದ್ದೆ. ನಮಗೆ ಱ, ೞ ಅಂದರೆ 'ಲುಪ್ತ ಅಕ್ಷರಗಳು, ಎರಡು ಅಂಕ' ಅಷ್ಟೇ.

ಚಾಕ್‌ಪೀಸ್:
ಇದನ್ನೆಲ್ಲಾ ಬರೆದುಕೊಳ್ಳುತ್ತಿದ್ದೇನೆ. @ಸೂತ್ರಧಾರ ಅವರೇ, ನಿಮ್ಮ ಬರು/ಹೊರು ಪ್ರಶ್ನೆಯನ್ನು ಉತ್ತರ ಕೊಡದೆ ಹಾಗೇ ಅಭ್ಯಾಸಕ್ಕೆ ಹಾಕಬಹುದಾ? ಎರಡು ಅಧ್ಯಾಯ ಆದಮೇಲೆ ಉತ್ತರ ಸಿಗುವ ಹಾಗೆ?

ಸೂತ್ರಧಾರ:
ಹಾಕಿ. ಆದರೆ ಉತ್ತರ ಕೊಡುವ ಪುಟದ ಸಂಖ್ಯೆ ಸರಿಯಾಗಿರಲಿ. ನಮ್ಮ ಕಡೆಯ ಅಚ್ಚಿನಲ್ಲಿ ಅದೇ ಕಷ್ಟ.

ನೆಟ್ ಪರೀಕ್ಷಾರ್ಥಿ:
ನಾನು ಸ್ವಲ್ಪ ತಣ್ಣೀರು ಹಾಕುತ್ತೇನೆ. ಒಗಟು ಬಿಡಿಸುವುದು ಖುಷಿ, ಒಪ್ಪಿದೆ. ಪರೀಕ್ಷೆಯಲ್ಲಿ ಬರುವುದು ಬೇರೆ. ಹೊಂದಿಸಿ ಬರೆಯಿರಿ, ಯಾರು ಯಾವ ವರ್ಷ ಏನು ಬರೆದರು. ಸೊಸ್ಯೂರ್ 1916, ಬ್ಲೂಮ್‌ಫೀಲ್ಡ್ 1933, ಚಾಮ್‌ಸ್ಕಿ 1957, ಕಾಲ್ಡ್‌ವೆಲ್ 1856, ಕಿಟೆಲ್ ನಿಘಂಟು 1894. ಇವನ್ನು ನೆಟ್ಟಗೆ ಒಂದು ಪಟ್ಟಿಯಲ್ಲಿ ಕೊಡದ ಪುಸ್ತಕ ನನಗೆ ಉಪಯೋಗ ಇಲ್ಲ. ನೀವು ಬೇಜಾರು ಅನ್ನುವ ಪುಸ್ತಕ ನನ್ನ ಪಾಲಿಗೆ ಅನ್ನ.

ಶಿವಮೊಗ್ಗ ಎಕ್ಸ್‌ಪ್ರೆಸ್:
@ನೆಟ್ ಪರೀಕ್ಷಾರ್ಥಿ ಅದಕ್ಕೆ ಗೈಡ್ ಇದೆಯಲ್ಲ?

ನೆಟ್ ಪರೀಕ್ಷಾರ್ಥಿ:
ಗೈಡಿನಲ್ಲಿ ಇರುವ ತಪ್ಪು ನೋಡಿದ್ದೀರಾ? ಸೊಸ್ಯೂರ್ ತಾನೇ 1916ರಲ್ಲಿ ಪುಸ್ತಕ ಬರೆದ ಅಂತ ಹಾಕಿರುತ್ತಾರೆ. ಅವನು ತೀರಿಕೊಂಡದ್ದು 1913. ಶಿಷ್ಯರ ಟಿಪ್ಪಣಿಗಳನ್ನು ಕೂಡಿಸಿ ಸಹೋದ್ಯೋಗಿಗಳು ಅಚ್ಚು ಹಾಕಿಸಿದ ಪುಸ್ತಕ ಅದು. ಪಠ್ಯಪುಸ್ತಕ ಸರಿ ಇದ್ದರೆ ನಾನು ಗೈಡ್ ಯಾಕೆ ಕೊಳ್ಳಲಿ?

ಮಳೆಬಿಲ್ಲು:
ಅಂದರೆ ಆಧುನಿಕ ಭಾಷಾವಿಜ್ಞಾನ ಶುರುವಾದದ್ದೇ ಯಾರದ್ದೋ ನೋಟ್ಸ್ ಜೆರಾಕ್ಸ್‌ನಿಂದ ಅನ್ನಿ. ನಮ್ಮ ಹಾಸ್ಟೆಲ್ ಸಂಪ್ರದಾಯ ಎಷ್ಟು ದೊಡ್ಡದು ನೋಡಿ.

ಜೋಳದ ರೊಟ್ಟಿ:
@ನೆಟ್ ಪರೀಕ್ಷಾರ್ಥಿ ವರ್ಷಗಳು ಬೇಡ ಅಂತ ಯಾರೂ ಹೇಳುತ್ತಿಲ್ಲ. ಕೊನೆಗೆ ಎರಡು ಪುಟದ ಕಾಲಪಟ್ಟಿ ಹಾಕಿದರೆ ಮುಗಿಯಿತು. ಈಗ ಏನಾಗಿದೆ ಅಂದರೆ ಕಾಲಪಟ್ಟಿಯೇ ಇನ್ನೂರು ಪುಟ ಆಗಿದೆ.

ಒಗಟು ಪರೀಕ್ಷೆಗೆ ಆಗುವುದಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಂತರರಾಷ್ಟ್ರೀಯ ಭಾಷಾವಿಜ್ಞಾನ ಒಲಿಂಪಿಯಾಡ್ ಪೂರ್ತಿ ನಡೆಯುವುದೇ ಒಗಟಿನ ಮೇಲೆ. ಕಂಡು ಕೇಳದ ಭಾಷೆಯ ಹತ್ತು ವಾಕ್ಯ ಕೊಡುತ್ತಾರೆ, ಅರ್ಥ ಕೊಡುತ್ತಾರೆ, ಹನ್ನೊಂದನೆಯದನ್ನು ನೀನು ಬರಿ ಅನ್ನುತ್ತಾರೆ. ಬರೆಯುವವರು ಹೈಸ್ಕೂಲು, ಪಿಯುಸಿ ವಯಸ್ಸಿನ ಮಕ್ಕಳು. 2016ರಲ್ಲಿ ಅದು ನಡೆದದ್ದು ನಮ್ಮ ಮೈಸೂರಿನಲ್ಲೇ. ನಮ್ಮ ಐಚ್ಛಿಕ ಕನ್ನಡದ ಎಷ್ಟು ಜನ ಅಧ್ಯಾಪಕರಿಗೆ ಗೊತ್ತಿತ್ತು ಕೇಳಿ.

ಕೆರೆ ಏರಿ:
ಇಷ್ಟು ಹೊತ್ತು ಓದುತ್ತಾ ಇದ್ದೆ. ಯಾರೂ ಉಪಭಾಷೆ ಅಧ್ಯಾಯಕ್ಕೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಂಡ್ಯ ಕಡೆಯವನು. ನಮ್ಮ ಮನೆಯಲ್ಲಿ ಆಲು, ಅಲ್ಲು, ಉಲಿ. ಹಕಾರ ಇಲ್ಲ. ಕಾಲೇಜಿನ ಸಮಾರಂಭದಲ್ಲಿ ನನ್ನ ಗೆಳೆಯನೊಬ್ಬ ಮೈಕ್ ಹಿಡಿದು 'ಎಲ್ಲರಿಗೂ ಹಾದರದ ಸ್ವಾಗತ' ಅಂದ. ಸಭೆ ಬಿದ್ದು ಬಿದ್ದು ನಕ್ಕಿತು. ಅವನು ಮತ್ತೆ ಮೈಕ್ ಮುಟ್ಟಲಿಲ್ಲ. ಮಾರನೇ ದಿನ ತರಗತಿಯಲ್ಲೂ ಅದೇ ನಗು, ಮೇಷ್ಟ್ರೂ ಸೇರಿ.

ಆ ಮೇಷ್ಟ್ರ ಕೈಯಲ್ಲಿ ಇದ್ದದ್ದು ಭಾಷಾವಿಜ್ಞಾನದ ಪುಸ್ತಕ. ಅದರಲ್ಲಿ 'ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತು, ಪಾಲ್ ಹಾಲು ಆಯಿತು, ಪುಲಿ ಹುಲಿ ಆಯಿತು' ಅಂತ ದಪ್ಪ ಅಕ್ಷರದಲ್ಲಿತ್ತು. ಹತ್ತನೇ ಶತಮಾನದ ಹೊತ್ತಿಗೆ ಶುರುವಾದ ಬದಲಾವಣೆ. ಆ ಬದಲಾವಣೆ ನಮ್ಮ ಊರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ, ಅಷ್ಟೇ. ಪಾಲ್, ಹಾಲು, ಆಲು. ಮೊದಲ ಹೆಜ್ಜೆಗೆ ಧ್ವನಿವ್ಯತ್ಯಾಸ ಅಂತ ಗೌರವ, ಎರಡನೇ ಹೆಜ್ಜೆಗೆ ಅಶುದ್ಧ ಅಂತ ಬೈಗುಳ. ಇನ್ನು 'ಹಾದರ' ಬಂದದ್ದು ಹೇಗೆ? ಹಕಾರ ಬಿಟ್ಟರೆ ನಗುತ್ತಾರೆ ಅನ್ನುವ ಭಯಕ್ಕೆ ಬೇಡದ ಕಡೆಯೂ ಹಕಾರ ಸೇರಿಸಿದ. ಅದಕ್ಕೂ ಶಾಸ್ತ್ರದಲ್ಲಿ ಹೆಸರಿದೆ, ಅತಿಶುದ್ಧಿ ಅಂತಾರೆ. ಲೋಕದ ಬಹಳ ಭಾಷೆಗಳಲ್ಲಿ ಇದೆ. ಇಷ್ಟು ಅರ್ಧ ಪುಟ ಪುಸ್ತಕದಲ್ಲಿ ಇದ್ದಿದ್ದರೆ ಅವತ್ತು ತರಗತಿ ಬೇರೆ ಥರ ನಡೆಯುತ್ತಿತ್ತು.

ಮೂರನೇ ಬೆಂಚು:
👏👏

ಶಿವಮೊಗ್ಗ ಎಕ್ಸ್‌ಪ್ರೆಸ್:
ಒಪ್ಪಿದೆ, ಆದರೆ ಒಂದು ಪ್ರಶ್ನೆ. ಕನ್ನಡ ಅಧ್ಯಾಪಕ ಆಗುವವನು 'ಆಲು' ಅಂದರೂ ನಡೆಯುತ್ತದೆ ಅಂತೀರಾ? ಮಕ್ಕಳಿಗೆ ಶಿಷ್ಟ ಕನ್ನಡ ಕಲಿಸುವುದು ಬೇಡವಾ?

ಕೆರೆ ಏರಿ:
ಕಲಿಸಿ. ನಾನೂ ಕಲಿತಿದ್ದೇನೆ, ನೋಡಿ ಹಕಾರ ಎಲ್ಲಾ ಹಾಕಿಯೇ ಬರೆದಿದ್ದೇನೆ. ನಗಬೇಡಿ ಅಂದೆ.

ಜೋಳದ ರೊಟ್ಟಿ:
ಶಿಷ್ಟ ಅಂದರೆ ಯಾರ ಶಿಷ್ಟ? ನಮ್ಮ ಧಾರವಾಡದ ಕಡೆ 'ಮಾಡಾಕ ಹತ್ತೀನಿ' ಅನ್ನುತ್ತೇವೆ. ಪುಸ್ತಕದ ವರ್ತಮಾನಕಾಲದ ಪಟ್ಟಿಯಲ್ಲಿ ಅದು ಇಲ್ಲ. ಹತ್ತು ಅನ್ನುವ ಕ್ರಿಯಾಪದ ಮರ ಹತ್ತು, ಬಸ್ ಹತ್ತು ಅನ್ನುವಲ್ಲಿಂದ ಬಂದು 'ಈಗ ನಡೆಯುತ್ತಾ ಇದೆ' ಅಂತ ತೋರಿಸುವ ಕೆಲಸಕ್ಕೆ ಸೇರಿದೆ. ಮೈಸೂರಿನವರು ಅದೇ ಕೆಲಸಕ್ಕೆ ಇರು ಬಳಸುತ್ತಾರೆ, 'ಮಾಡ್ತಾ ಇದ್ದೀನಿ'. ಒಂದು ಪಟ್ಟಿಯಲ್ಲಿ ಇದೆ, ಇನ್ನೊಂದು ಉಪಭಾಷೆ ಅಂತ ಕೊನೇ ಅಧ್ಯಾಯದ ಮೂಲೆಗೆ ಹೋಗಿದೆ.

ಶಿವಮೊಗ್ಗ ಎಕ್ಸ್‌ಪ್ರೆಸ್:
ಶುರು ಆಯ್ತು ಉತ್ತರ ದಕ್ಷಿಣ.

ಜೋಳದ ರೊಟ್ಟಿ:
ಶುರು ಮಾಡಿದ್ದು ನಾವಲ್ಲ, ಪುಸ್ತಕ.

ಗಡಿನಾಡು:
ಚಿಕ್ಕೋಡಿ ಕಡೆಯವಳು. ನನಗೆ ಎಂ.ಎ.ನಲ್ಲಿ ಒಂದೇ ಒಂದು ಪುಟ ಮನಸ್ಸಿಗೆ ನಾಟಿತು. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಒಂದು ಊರಿನ ಬಗ್ಗೆ ಗಂಪರ್ಜ್ ಮತ್ತು ವಿಲ್ಸನ್ ಅನ್ನುವ ವಿದ್ವಾಂಸರು 1971ರಲ್ಲಿ ಬರೆದ ಪ್ರಬಂಧ. ಊರಿಗೆ ಕುಪ್ವಾರ್ ಅಂತ ಹೆಸರು ಹಾಕಿದ್ದಾರೆ. ಅಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ನೂರಾರು ವರ್ಷದಿಂದ ಒಂದೇ ಊರಲ್ಲಿ ಇವೆ. ಪದಗಳು ಬೇರೆ ಬೇರೆ, ವಾಕ್ಯದ ಕಟ್ಟು ಮಾತ್ರ ಬಹುತೇಕ ಒಂದೇ ಆಗಿಬಿಟ್ಟಿದೆ. ಒಂದರ ಕೆಳಗೆ ಒಂದು ಬರೆದರೆ ಪದಕ್ಕೆ ಪದ ಕೂರುತ್ತದೆ. ಕೊಟ್ಟಿರುವ ಉದಾಹರಣೆ: 'ಇದು ನಿಮ್ಮ ಮನಿ ಐತಿ'. ಶಿಷ್ಟ ಕನ್ನಡದಲ್ಲಿ 'ಇದು ನಿಮ್ಮ ಮನೆ' ಅಂದರೆ ಸಾಕು, ಐತಿ ಬೇಕಿಲ್ಲ. ಮರಾಠಿ, ಉರ್ದುವಿನ ಜೊತೆ ಬಾಳಿ ಐತಿ ಸೇರಿಕೊಂಡಿದೆ.

ಅದನ್ನು ಓದಿ ನಾನು ಮನೆಗೆ ಫೋನ್ ಮಾಡಿ ಅಕ್ಕನ ಜೊತೆ ಸುಮ್ನೆ ಮಾತಾಡಿಸಿ ಕಿವಿಗೊಟ್ಟೆ. ಎರಡು ನಿಮಿಷದಲ್ಲಿ 'ಅದು ನಮ್ಮ ಹೊಲ ಐತಿ' ಬಂತು! ನಾವು ಮಾತಾಡುವ ರೀತಿಗೆ ಹೊರಗಿನವರು ಬಂದು ಪ್ರಬಂಧ ಬರೆದಿದ್ದಾರೆ, ನಮ್ಮ ಪುಸ್ತಕ ಅದನ್ನು 'ಮರಾಠಿ ಪ್ರಭಾವದಿಂದ ಕೆಟ್ಟ ಕನ್ನಡ' ಅಂತ ಒಂದು ಸಾಲಿನಲ್ಲಿ ಮುಗಿಸಿತ್ತು.

ಚಾಕ್‌ಪೀಸ್:
@ಗಡಿನಾಡು ಇದನ್ನು ಖಂಡಿತ ತೆಗೆದುಕೊಳ್ಳುತ್ತೇನೆ. ಉಪಭಾಷೆಯನ್ನು ಕೊನೇ ಅಧ್ಯಾಯದಿಂದ ಮುಂದಕ್ಕೆ ತಂದರೆ ಹೇಗೆ? ಮೊದಲ ಅಧ್ಯಾಯವೇ ಅದಾದರೆ?

ಸೂತ್ರಧಾರ:
ಧ್ವನಿ ಗೊತ್ತಿಲ್ಲದೆ ಉಪಭಾಷೆ ಹೇಗೆ ಕಲಿಸುತ್ತೀರಿ? ಮಕ್ಕಳು ಊರಿನ ಪದಗಳ ಪಟ್ಟಿ ಮಾಡಿ ತಂದು ಸಂಶೋಧನೆ ಅನ್ನುತ್ತಾರೆ. ಅದು ನೋಡಿ ನೋಡಿ ಸಾಕಾಗಿದೆ.

ಕೋಡುಬಳೆ:
ಸೂತ್ರಧಾರರ ಮಾತಿಗೆ ನನ್ನ ಒಂದು ವೋಟು. ಆದರೆ ಧ್ವನಿ ಅಧ್ಯಾಯವೂ ಬೇರೆ ಥರ ಆಗಬೇಕು. ಈಗ ಅಲ್ಲಿ ತಲೆಯನ್ನು ನಡುವೆ ಸೀಳಿದ ಚಿತ್ರ ಇರುತ್ತದೆ. ಅಚ್ಚಿನಲ್ಲಿ ಮಸಿ ಹರಡಿ ಕಿರುನಾಲಗೆ ಯಾವುದು ಗಂಟಲು ಯಾವುದು ಗೊತ್ತಾಗುವುದಿಲ್ಲ. ಪ್ರಾಟ್ ಅನ್ನುವ ತಂತ್ರಾಂಶ ಇದೆ, ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಇಬ್ಬರು ಮಾಡಿದ್ದು, ಪುಕ್ಕಟೆ ಸಿಗುತ್ತದೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಅದಕ್ಕೆ ಹಾಕಿದರೆ ಧ್ವನಿ ಕಣ್ಣಿಗೆ ಕಾಣುತ್ತದೆ. ನಾನು ಕನ್ನಡ ಧ್ವನಿ ಗುರುತಿಸುವ ತಂತ್ರಾಂಶದ ಕೆಲಸ ಮಾಡುತ್ತೇನೆ. ದಿನಾ ಇದೇ ಚಿತ್ರ ನೋಡುವುದು. ಭಾರ ಅಂತ ಬರೆದಿರುತ್ತದೆ, ಚಿತ್ರದಲ್ಲಿ ಬಾರ. ಓದುವಾಗ ಮಹಾಪ್ರಾಣ ಇರುತ್ತದೆ, ಮಾತಾಡುವಾಗ ಬಹಳ ಜನರಲ್ಲಿ ಇರುವುದಿಲ್ಲ. ಪುಸ್ತಕ ಮಾತ್ರ ಹತ್ತು ಮಹಾಪ್ರಾಣಗಳೂ ಕನ್ನಡದ ಧ್ವನಿಮಾಗಳು ಅಂತ ಕಣ್ಣು ಮುಚ್ಚಿ ಪಟ್ಟಿ ಕೊಡುತ್ತದೆ.

ಮಳೆಬಿಲ್ಲು:
ಈಗ ಬಂತು ನೋಡಿ ಮಹಾಪ್ರಾಣ.

ಶಿವಮೊಗ್ಗ ಎಕ್ಸ್‌ಪ್ರೆಸ್:
ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಬರಹದಿಂದಲೂ ಮಹಾಪ್ರಾಣ ತೆಗೆಯೋಣ ಅಂದರು. ಅದು ಅತಿ ಆಯಿತು. ಬರಹಕ್ಕೆ ಅದರದೇ ಚರಿತ್ರೆ ಇದೆ.

ಮೂರನೇ ಬೆಂಚು:
ಅತಿ ಏನು ಬಂತು? ಕಾಗುಣಿತ ತಪ್ಪಿದ್ದಕ್ಕೆ ಎಷ್ಟು ಮಕ್ಕಳ ಅಂಕ ಹೋಗಿದೆ!

ಸೂತ್ರಧಾರ:
ಹಾಗಾದರೆ ಫಲ, ಪಲ ಎರಡೂ ಒಂದೇನಾ?

ಮೂರನೇ ಬೆಂಚು:
ಪಲ ಅನ್ನುವ ಪದವನ್ನು ನೀವು ಕೊನೇ ಸಲ ಯಾವಾಗ ಬಳಸಿದಿರಿ ಸಾರ್?

ಚಾಕ್‌ಪೀಸ್:
ದಯವಿಟ್ಟು. ಮಹಾಪ್ರಾಣದ ಜಗಳಕ್ಕೆ ಬೇರೆ ಚರ್ಚೆ ತೆಗೆಯಿರಿ. ಇದು ಶುರುವಾದರೆ ದೀಪಾವಳಿವರೆಗೂ ನಡೆಯುತ್ತದೆ.

ಅರಳಿಕಟ್ಟೆ:
ತಡವಾಗಿ ಬಂದೆ. ಬೆಂಗಳೂರಿನಲ್ಲಿ ಪಾಠ ಮಾಡುತ್ತೇನೆ. ನಮ್ಮ ತರಗತಿಯಲ್ಲಿ ಮನೆಯಲ್ಲಿ ತಮಿಳು, ತೆಲುಗು, ತುಳು ಮಾತಾಡುವ ಮಕ್ಕಳು ಇದ್ದೇ ಇರುತ್ತಾರೆ. ದ್ರಾವಿಡ ಭಾಷೆಗಳ ಅಧ್ಯಾಯ ಎಂದರೆ ಪುಸ್ತಕದಲ್ಲಿ ಒಂದು ಮರದ ಚಿತ್ರ, ಕೊಂಬೆಗೊಂದು ಭಾಷೆ. ನಾನು ಅದನ್ನು ಮುಚ್ಚಿಸಿ, ತಮಿಳು ಮನೆಯ ಹುಡುಗಿಯನ್ನು ಬೋರ್ಡಿನ ಹತ್ತಿರ ಕರೆಯುತ್ತೇನೆ. ಹಾಲಿಗೆ ಏನಂತೀಯ? ಪಾಲ್. ಹಲ್ಲಿಗೆ? ಪಲ್. ಬಾ ಅನ್ನಲು? ವಾ. ಬೇರು? ವೇರ್. ಬಿಲ್ಲು? ವಿಲ್. ಅರ್ಧ ಗಂಟೆಯಲ್ಲಿ ತರಗತಿಯೇ ಹೇಳುತ್ತದೆ, ಅವರ ಪ ನಮ್ಮ ಹ, ಅವರ ವ ನಮ್ಮ ಬ. ಆಮೇಲೆ ಕಿವಿ ಕೊಡುತ್ತೇನೆ. ಅವರದು ಸೆವಿ. ಇಲ್ಲಿ ಹಳೆಯದನ್ನು ಉಳಿಸಿಕೊಂಡವರು ನಾವು, ಬದಲಾದವರು ಅವರು. 'ತಮಿಳೇ ತಾಯಿ' ಅಂತ ಎದೆ ಉಬ್ಬಿಸಿದವರು, 'ಕನ್ನಡವೇ ಮೊದಲು' ಅಂತ ಮೇಜು ಕುಟ್ಟಿದವರು, ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಆಮೇಲೆ ಮರದ ಚಿತ್ರ ತೆರೆದರೆ ಅದರ ಅರ್ಥ ಆಗುತ್ತದೆ.

ನೆಟ್ ಪರೀಕ್ಷಾರ್ಥಿ:
ಇದು ಪುಸ್ತಕದಲ್ಲಿ ಬರಬೇಕು. ಎಲ್ಲಾ ತರಗತಿಯಲ್ಲೂ ತಮಿಳು ಹುಡುಗಿ ಇರುವುದಿಲ್ಲ.

ಅರಳಿಕಟ್ಟೆ:
@ನೆಟ್ ಪರೀಕ್ಷಾರ್ಥಿ ಎರಡು ಸಾಲಿನ ಪಟ್ಟಿ ಕೊಟ್ಟು, ನಿಯಮ ಬರೆಯಲು ಖಾಲಿ ಜಾಗ ಬಿಟ್ಟರೆ ಸಾಕು. ಖಾಲಿ ಜಾಗ ಬಿಡುವುದಕ್ಕೇ ನಮ್ಮ ಪ್ರಕಾಶಕರಿಗೆ ಹೊಟ್ಟೆ ಉರಿ. ಕಾಗದ ದಂಡ ಅಂತಾರೆ.

ಮೂರನೇ ಬೆಂಚು:
ಪದಗಳ ಬಗ್ಗೆಯೂ ಒಂದು ಮಾತು. ಒಂದು ಪುಸ್ತಕದಲ್ಲಿ ಧ್ವನಿಮಾ, ಇನ್ನೊಂದರಲ್ಲಿ ಸ್ವನಿಮ. ಎರಡೂ ಒಂದೇ ಅಂತ ತಿಳಿಯುವುದರೊಳಗೆ ಸೆಮಿಸ್ಟರ್ ಮುಗಿದಿತ್ತು. ಯಾವುದಾದರೂ ಒಂದು ಹಿಡಿದುಕೊಳ್ಳಿ, ಇನ್ನೊಂದನ್ನು ಒಂದು ಸಲ ಹೇಳಿ ಬಿಡಿ.

ಸೂತ್ರಧಾರ:
ಅದು ನ್ಯಾಯ.

ಚಾಕ್‌ಪೀಸ್:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಸಮಿತಿಯ ಒಬ್ಬ ಹಿರಿಯರ ಜೊತೆ ಫೋನಿನಲ್ಲಿ ಮಾತಾಡಿದೆ. ಕೊಡು/ಮಾಡು ಪಟ್ಟಿ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು 'ಹೊರಡು?' ಅಂದರು. ಪೊಱಮಡು ಅಂದೆ. ಖುಷಿಯಾದರು. 'ಭಾಷೆಯ ಹುಟ್ಟು' ತೆಗೆಯಲು ಮಾತ್ರ ಒಪ್ಪುತ್ತಿಲ್ಲ. ಪಠ್ಯಕ್ರಮದಲ್ಲಿ ಇದೆ, ಅಧ್ಯಯನ ಮಂಡಳಿ ಒಪ್ಪದೆ ತೆಗೆಯುವ ಹಾಗಿಲ್ಲ ಅಂದರು.

ಕೋಡುಬಳೆ:
ಹಾಗಾದರೆ ಇಟ್ಟುಕೊಳ್ಳಿ, ಒಂದೂವರೆ ಪುಟಕ್ಕೆ ಇಳಿಸಿ. ಮುಲ್ಲರ್ ಗೇಲಿ ಮಾಡಿದ್ದು, ಪ್ಯಾರಿಸ್‌ನವರು ಬಾಗಿಲು ಹಾಕಿದ್ದು ಎರಡನ್ನೂ ಸೇರಿಸಿ.

ಮೂರನೇ ಬೆಂಚು:
ಮತ್ತೆ ಕೊನೆಯಲ್ಲಿ 'ಬೌವೌ ವಾದವನ್ನು ವಿವರಿಸಿ' ಅಂತ ಕೇಳಬೇಡಿ. 'ಬೌವೌ ವಾದ ಯಾಕೆ ನಿಲ್ಲುವುದಿಲ್ಲ, ಕನ್ನಡದ ಹತ್ತು ಪದ ಇಟ್ಟುಕೊಂಡು ತೋರಿಸಿ' ಅಂತ ಕೇಳಿ.

ನೆಟ್ ಪರೀಕ್ಷಾರ್ಥಿ:
ಅದಕ್ಕೆ ಮೌಲ್ಯಮಾಪನ ಮಾಡುವವರು ಅಂಕ ಹೇಗೆ ಕೊಡುತ್ತಾರೆ? ಪ್ರತಿಯೊಬ್ಬರ ಉತ್ತರವೂ ಬೇರೆ ಇರುತ್ತದೆ. ಅವರ ಹತ್ತಿರ ಮಾದರಿ ಉತ್ತರದ ಹಾಳೆ ಒಂದೇ ಇರುವುದು.

ಅರಳಿಕಟ್ಟೆ:
ಮೌಲ್ಯಮಾಪನ ಶಿಬಿರಕ್ಕೆ ನಾನೂ ಹೋಗುತ್ತೇನೆ. ದಿನಕ್ಕೆ ಇಷ್ಟು ಕಟ್ಟು ಅಂತ ಲೆಕ್ಕ ಇರುತ್ತದೆ, ಪ್ರತಿ ಉತ್ತರ ಓದಿ ಯೋಚಿಸಲು ಪುರುಸೊತ್ತು ಇರುವುದಿಲ್ಲ. @ಚಾಕ್‌ಪೀಸ್ ಅವರೇ, ನೀವು ಅಂಥ ಪ್ರಶ್ನೆಗಳನ್ನು ಆಂತರಿಕ ಅಂಕಕ್ಕೆ ಇಟ್ಟುಬಿಡಿ. ಅದು ನಮ್ಮ ಕೈಯಲ್ಲೇ ಇರುತ್ತದೆ, ಯಾವ ಮಂಡಳಿಯನ್ನೂ ಕೇಳಬೇಕಿಲ್ಲ.

ಚಾಕ್‌ಪೀಸ್:
ಇದು ಆಗುವ ಮಾತು. ಹಾಗಾದರೆ ಪ್ರತಿ ಅಧ್ಯಾಯಕ್ಕೂ ಕೊಡು/ಮಾಡು ಥರದ ಒಂದಾದರೂ ಪಟ್ಟಿ ಬೇಕು. ವಾಕ್ಯದ ಅಧ್ಯಾಯಕ್ಕೆ ನನ್ನ ಹತ್ತಿರ ಏನೂ ಇಲ್ಲ, ಈಗ ಇರುವುದು 'ಮನುಷ್ಯನು ಚೆಂಡನ್ನು ಹೊಡೆದನು' ಒಂದೇ. ಯಾರಾದರೂ ಕೊಡಿ.

ಗಡಿನಾಡು:
ನನಗೆ ಹಸಿವು, ನನಗೆ ಗೊತ್ತು, ನನಗೆ ಬೇಕು, ನನಗೆ ಈಜಲು ಬರುತ್ತದೆ. ಎಲ್ಲದರಲ್ಲೂ 'ನನಗೆ', 'ನಾನು' ಎಲ್ಲೂ ಇಲ್ಲ. ಇಲ್ಲಿ ಕರ್ತೃ ಯಾರು ಅಂತ ಕೇಳಿ ಕುರ್ಚಿಯ ಮೇಲೆ ಕೂತುಬಿಡಿ.

ಸೂತ್ರಧಾರ:
ಹಸಿವೇ ಕರ್ತೃ. ಇದರಲ್ಲಿ ಕೇಳುವುದೇನಿದೆ?

ಜೋಳದ ರೊಟ್ಟಿ:
'ನನಗೆ ಗೊತ್ತು' ಅನ್ನುವುದರಲ್ಲಿ ಸಾರ್? ಗೊತ್ತು ಕರ್ತೃನಾ?

ಸೂತ್ರಧಾರ:
ತಾಳಿ, ಊಟ ಮಾಡಿ ಬಂದು ಬರೆಯುತ್ತೇನೆ.